ಮುಂದಿನವನ ಕೈ

ಮೊದಲ ಗುಂಡಿ ಬಂದಾಗ ಮುಂದಿನ ಸೈಕಲ್ಲಿನಲ್ಲಿದ್ದ ಡ್ರೈವರ್ ಅವರ ಕೈ ಕೆಳಗೆ ಬರಲಿಲ್ಲ. ಅವರ ಚಕ್ರ ಹೇಗೋ ಅದರ ಅಂಚು ಸವರಿಕೊಂಡು ಹೋಯಿತು. ಒಂದು ಮೊಳ ಹಿಂದೆ, ಆ ಚಕ್ರವನ್ನೇ ನೋಡುತ್ತ ಬರುತ್ತಿದ್ದ ಪ್ರೂಫ್ ರೀಡರನ ಸೈಕಲ್ಲು ಮಾತ್ರ ಧಡಕ್ಕನೆ ಇಳಿದು ಎದ್ದಿತು. ಹಲ್ಲಿಗೆ ಹಲ್ಲು ಬಡಿಯಿತು. ಬಾಟಲಿಯ ನೀರು ಕುಲುಕಿ ಮಂಡಿಯ ಮೇಲೆ ಚೆಲ್ಲಿತು. ನೋವಾಗುವ ಮೊದಲೇ ಅವನಿಗೆ ನಾಚಿಕೆಯಾಯಿತು. ತಾನು ಏನೋ ತಪ್ಪು ಮಾಡಿರಬೇಕು, ಇಲ್ಲದಿದ್ದರೆ ಆ ಕೈ ಬರದೆ ಇರುತ್ತಿರಲಿಲ್ಲ ಎಂದುಕೊಂಡು, ಯಾರೂ ಕೇಳದಿದ್ದರೂ ಮೆಲ್ಲಗೆ “ಸಾರಿ” ಎಂದ. ಗಾಳಿ ಅದನ್ನು ಹಿಂದಕ್ಕೆ ಒಯ್ದುಬಿಟ್ಟಿತು.

ಕಳೆದ ಭಾನುವಾರ ಅಗಲುವಾಗ ತಾನು ಏನು ಹೇಳಿದ್ದೆ ಎಂದು ನೆನೆಸಿಕೊಳ್ಳತೊಡಗಿದ. “ಇವತ್ತು ಸ್ವಲ್ಪ ನಿಧಾನ ಆಯ್ತು ಅನ್ಸುತ್ತೆ” ಎಂದಿದ್ದ. ತನ್ನ ಕಾಲನ್ನು ಬೈದುಕೊಳ್ಳಲೆಂದೇ ಹೇಳಿದ ಮಾತು. ಆದರೆ ಮುಂದೆ ಇದ್ದವರು ಡ್ರೈವರ್. ವೇಗ ಅವರದಾದರೆ ನಿಧಾನವೂ ಅವರದೇ ಅಲ್ಲವೇ. ರೈಲ್ವೆಯಲ್ಲಿ ಎಂಜಿನ್ ಓಡಿಸಿ ನಿವೃತ್ತರಾದ ಮನುಷ್ಯನಿಗೆ, ಔಷಧದ ಡಬ್ಬಿಯೊಳಗೆ ಮಡಿಸಿಡುವ ಕಾಗದದ ತಪ್ಪು ತಿದ್ದುವವನೊಬ್ಬ ‘ನಿಧಾನ’ ಎಂದು ಹೇಳುವುದೆಂದರೇನು. ವಾರವಿಡೀ ಅವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡು, ಈಗ ಒಂದು ಗುಂಡಿಯ ಮೂಲಕ ಉತ್ತರ ಕೊಟ್ಟಿರಬೇಕು. ಸಂಜೆ ಕಾಲೇಜಿನಲ್ಲಿ ಓದುವಾಗಲೂ ಹೀಗೇ. ಪ್ರೆಸ್ಸಿನಿಂದ ನೇರವಾಗಿ ಬಂದು, ಬಗ್ಗಿ ನೋಟ್ಸು ಬರೆದುಕೊಳ್ಳುತ್ತಿದ್ದವನನ್ನು ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ, “ನಿದ್ದೆ ಮಾಡೋಕೆ ಮನೇಲೇ ಜಾಗ ಇದೆಯಲ್ಲಪ್ಪ” ಎಂದಿದ್ದರು. ಅವನು ನಿದ್ದೆ ಮಾಡುತ್ತಿರಲಿಲ್ಲ. ಆದರೂ “ತಪ್ಪಾಯ್ತು ಸಾರ್” ಎಂದು ಕೂತುಕೊಂಡ. ಕೂತ ಮೇಲೆ, ನಿಜವಾಗಿಯೂ ತೂಕಡಿಸಿದ್ದೆನೇನೋ ಎಂಬ ಅನುಮಾನ ಶುರುವಾಗಿ ಇವತ್ತಿಗೂ ಪೂರ್ತಿ ಹೋಗಿಲ್ಲ.

ಅವರಿಬ್ಬರ ನಡುವೆ ಒಂದು ಪದ್ಧತಿಯಿತ್ತು. ಅದನ್ನು ಮಾಡಿದವರು ಡ್ರೈವರೇ. ಎಂಜಿನ್ನಿನಲ್ಲಿ ಸಿಗ್ನಲ್ ಕಂಡಾಗ ಒಬ್ಬ ಕೂಗಬೇಕು, ಇನ್ನೊಬ್ಬ ಅದನ್ನೇ ತಿರುಗಿ ಕೂಗಬೇಕು. ಸೈಕಲ್ಲಿನಲ್ಲಿ ಗಾಳಿಗೆ ಮಾತು ನಿಲ್ಲುವುದಿಲ್ಲ, ಆದ್ದರಿಂದ ಕೈ. ಎಡಗೈ ಕೆಳಗೆ ಚಾಚಿದರೆ ಎಡಕ್ಕೆ ಗುಂಡಿ, ಬಲಗೈ ಆದರೆ ಬಲಕ್ಕೆ; ಅಂಗೈ ಅಲುಗಿಸಿದರೆ ಜಲ್ಲಿ; ಮುಷ್ಟಿ ಬೆನ್ನ ಹಿಂದೆ ಬಂದರೆ ನಿಲ್ಲುತ್ತಿದ್ದೇನೆ ಎಂದರ್ಥ. “ಹಿಂದಿನವನು ರಸ್ತೆ ನೋಡಬಾರದು, ನನ್ನ ಕೈ ನೋಡಬೇಕು. ಮುಂದಿನವನು ಹಿಂತಿರುಗಿ ನೋಡಬಾರದು. ನೋಡಿದ್ರೆ ಇಬ್ರೂ ಬೀಳ್ತೀವಿ” ಎಂದು ಮೊದಲ ದಿನವೇ ಹೇಳಿದ್ದರು. ಪ್ರೂಫ್ ರೀಡರನಿಗೆ ಅದು ಹಿಡಿಸಿತ್ತು. ವಾರದ ಆರು ದಿನ, ಇರುವೆಯಷ್ಟು ಅಕ್ಷರಗಳ ಮೇಲೆ ಸ್ಕೇಲು ಇಟ್ಟು, ದಶಮಾಂಶದ ಒಂದು ಬಿಂದು ಜಾರಿದರೆ ಯಾರದೋ ಹೊಟ್ಟೆಗೆ ಒಂದರ ಬದಲು ಹತ್ತು ಹೋಗುತ್ತದೆ ಎಂದು ಬೆವರುವವನಿಗೆ, ತಾನು ನೋಡದೆಯೂ ದಾರಿ ಸಾಗುವ ಒಂದು ದಿನ ಬೇಕಾಗಿತ್ತು. ಚಳಿಗಾಲದ ಕೊನೆಗೆ ನಡೆಯುವ ಇನ್ನೂರು ಕಿಲೋಮೀಟರಿನ ಸವಾರಿಗೆ ಇಬ್ಬರೂ ಹೆಸರು ಕೊಟ್ಟಿದ್ದರು; ಅಭ್ಯಾಸ ಎಂದು ಬಾಯಲ್ಲಿ ಹೇಳುತ್ತಿದ್ದದ್ದು ಅದಕ್ಕಾಗಿ. ಆ ಸವಾರಿ ಇಲ್ಲದಿದ್ದರೂ ಅವನು ಪ್ರತಿ ಭಾನುವಾರ ಬಂದೇ ಬರುತ್ತಿದ್ದ. ಅವನ ಕೋಣೆಯ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಭಾನುವಾರ ಸಂಜೆ ಅಕ್ಕ ಫೋನು ಮಾಡಿ “ಊಟ ಮಾಡ್ತಿದ್ದೀಯ ತಾನೇ?” ಎಂದು ಕೇಳುತ್ತಾಳೆ, ಹಿಂದಿನಿಂದ ಅವಳ ಮನೆಯವರ ನಗು ಕೇಳಿಸುತ್ತದೆ, ಅವನು ಮಾಡ್ತಿದ್ದೀನಿ ಎನ್ನುತ್ತಾನೆ. ಲೋಕದಲ್ಲಿ ಅವನಿಗೆ ಚೆನ್ನಾಗಿ ಗೊತ್ತಿದ್ದದ್ದು ಒಂದೇ ಒಂದು ಬೆನ್ನು. ಬೆವರು ಮೊದಲು ಯಾವ ಕಡೆ ಮೂಡುತ್ತದೆ, ಏರು ಬಂದಾಗ ಯಾವ ಭುಜ ತಗ್ಗುತ್ತದೆ, ಕುತ್ತಿಗೆಯ ಹಿಂದೆ ಬೆಳ್ಳಗಿನ ಕೂದಲು ಎಲ್ಲಿ ಸುರುಳಿಯಾಗುತ್ತದೆ, ಎಲ್ಲ ಗೊತ್ತಿತ್ತು. ಮುಖ ನೆನೆಸಿಕೊಳ್ಳಲು ಹೋದರೆ ಮಾತ್ರ ಸರಿಯಾಗಿ ಕೂಡಿಬರುತ್ತಿರಲಿಲ್ಲ.

ಎರಡನೆಯದಕ್ಕೂ ಕೈ ಬರಲಿಲ್ಲ. ಅದು ಗುಂಡಿಯಲ್ಲ, ರಸ್ತೆ ಅಗೆದು ಅರೆಬರೆ ಮುಚ್ಚಿದ ಕಾಲುವೆಯಂಥದು. ಈ ಸಲ ಡ್ರೈವರೇ ಮೊದಲು ಅದರೊಳಗೆ ಬಿದ್ದರು. ಬೆನ್ನು ಮುದುಡಿತು, ಹ್ಯಾಂಡಲು ಒದ್ದಾಡಿತು, ಬಾಯಿಂದ ಒಂದು ಬೈಗುಳ ಹೊರಬಿತ್ತು, ಹೇಗೋ ಸಾವರಿಸಿಕೊಂಡರು. ಪ್ರೂಫ್ ರೀಡರ್ ಬ್ರೇಕು ಹಿಡಿದು ಹಿಂದೆ ಬಿದ್ದ. ಮತ್ತೆ ಆ ಚಕ್ರವನ್ನು ಹಿಡಿಯಲು ಏದುಸಿರು ಬಿಡುತ್ತ ತುಳಿಯುವಾಗ ಅವನ ತಲೆಯೊಳಗೆ ಏನೋ ಮೆಲ್ಲಗೆ ಜಾಗ ಬದಲಾಯಿಸಿತು. ಇನ್ನೊಬ್ಬನ ಮೇಲಿನ ಸಿಟ್ಟಿಗೆ ಯಾರೂ ತಾವೇ ಗುಂಡಿಗೆ ಬೀಳುವುದಿಲ್ಲ. ಇದು ಸಿಟ್ಟಲ್ಲ. ಅವಮಾನವಲ್ಲ ಎಂದು ತಿಳಿದಾಗ ಒಂದು ಗಳಿಗೆ ಹಗುರಾಯಿತು. ಆ ಹಗುರಕ್ಕೆ ಹಿಂದೆಯೇ ನಾಚಿಕೆಯೂ ಆಯಿತು. ಏಕೆಂದರೆ ಸಿಟ್ಟಲ್ಲದಿದ್ದರೆ ಉಳಿಯುವುದು ಒಂದೇ: ಗುಂಡಿ ಅವರಿಗೆ ಕಂಡಿರಲಿಲ್ಲ.

ಪೆಟ್ರೋಲ್ ಬಂಕಿನ ಪಕ್ಕದ ಟೀ ಅಂಗಡಿಯಿಂದ ಅವರು ಊರಿಗೆ ಹಿಂತಿರುಗುವುದು ವಾಡಿಕೆ. “ಬಂದ್ರಾ, ಎಂಜಿನ್ನೂ ಡಬ್ಬೀನೂ” ಎಂದಳು ಅಂಗಡಿಯ ಹೆಂಗಸು. ಅವಳು ಇಟ್ಟ ಹೆಸರು ಅದು. ಯಾರು ಎಂಜಿನ್ನು ಯಾರು ಡಬ್ಬಿ ಎಂದು ಕೇಳುವ ಅಗತ್ಯವಿರಲಿಲ್ಲ. ಎರಡು ಗ್ಲಾಸು ಟೀಯನ್ನು ಮೇಜಿನ ಮೇಲಿಟ್ಟು ಹೋದಳು. ಡ್ರೈವರ್ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಸರಿಸುತ್ತ, ಧೂಳು ಒರೆಸುವವರ ಹಾಗೆ, ಬೆರಳಿನ ಗೆಣ್ಣು ಗ್ಲಾಸಿಗೆ ತಾಗುವವರೆಗೆ ತಂದರು. ಪ್ರೂಫ್ ರೀಡರ್ ಅದನ್ನು ಎಷ್ಟೋ ವಾರದಿಂದ ನೋಡುತ್ತ ಬಂದಿದ್ದ. ಶಿಸ್ತಿನ ಮನುಷ್ಯ, ಮೇಜು ಒರೆಸದೆ ಕುಡಿಯುವುದಿಲ್ಲ ಎಂದುಕೊಂಡಿದ್ದ. ಮೆಚ್ಚಿಕೊಂಡೂ ಇದ್ದ. ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವ ಕಣ್ಣು ತನ್ನದು; ಅದೂ ಇದನ್ನು ಕಂಡಿರಲಿಲ್ಲ.

“ಏನಪ್ಪಾ ಪ್ರೂಫು, ಬೆಳಿಗ್ಗೆಯಿಂದ ಸದ್ದೇ ಇಲ್ಲ. ಕಾಲಿಗೆ ಅಲ್ಪವಿರಾಮ ಇತ್ತು, ಈಗ ಬಾಯಿಗೆ ಪೂರ್ಣವಿರಾಮಾನೇ ಬಿತ್ತಾ?”

“ಏನಿಲ್ಲ ಸಾರ್. ರಸ್ತೆ ಕೆಟ್ಟಿದೆ.”

“ಯಾವತ್ತು ಚೆನ್ನಾಗಿತ್ತು?”

“ಗುಂಡಿ ಜಾಸ್ತಿ ಆಗಿವೆ.”

ಡ್ರೈವರ್ ಟೀ ಊದಿದರು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಊದಿದರು. “ಹೌದಾ” ಎಂದರು.

“ವಾಪಸ್ ಹೋಗುವಾಗ ನಾನು ಮುಂದೆ ಹೋಗ್ಲಾ?”

“ನೀನಾ? ಎದುರುಗಾಳಿ ಕಣಯ್ಯ. ಅರ್ಧ ದಾರೀಲಿ ಹೊತ್ಕೊಂಡು ಹೋಗ್ಬೇಕಾಗುತ್ತೆ ನಿನ್ನ.”

“ಬಿದ್ರೆ ನಿಮ್ಮ ಮುಂದೇನೇ ಬೀಳ್ತೀನಲ್ಲ, ಹುಡುಕೋ ಕೆಲಸ ಇಲ್ಲ.”

ಡ್ರೈವರ್ ನಕ್ಕರು. “ಹೋಗು ಹಾಗಾದ್ರೆ. ಎಂಜಿನ್ನಿಗೂ ಒಂದು ದಿನ ರಜ ಬೇಡ್ವಾ” ಎಂದರು. ಎದುರುಗಾಳಿಗೆ ಅವರು ಯಾವತ್ತೂ ಯಾರಿಗೂ ಮುಂದಿನ ಜಾಗ ಬಿಟ್ಟವರಲ್ಲ. ಇಷ್ಟು ಸುಲಭವಾಗಿ ಒಪ್ಪಿದ್ದನ್ನು ಕೇಳಿ ಪ್ರೂಫ್ ರೀಡರ್ ಟೀಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಮುಂದೆ ಬಂದ ಮೇಲೆ ರಸ್ತೆ ಬೇರೆಯೇ ಆಗಿತ್ತು. ಇಷ್ಟು ಅಗಲವಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ದೂರದಲ್ಲಿ ಒಂದು ನೀರಿನ ಟ್ಯಾಂಕು, ಅದರಾಚೆ ಸಾಲು ಕಂಬಗಳು, ಎಷ್ಟೋ ಭಾನುವಾರ ಇದೇ ದಾರಿಯಲ್ಲಿ ಹೋಗಿಯೂ ಕಾಣದ ಒಂದು ಕೆಂಪು ಛಾವಣಿಯ ಮನೆ. ಗಾಳಿ ಎದೆಗೆ ಕೈಯಿಟ್ಟು ತಳ್ಳುತ್ತಿತ್ತು. ಅವನು ಪ್ರತಿಯೊಂದಕ್ಕೂ ಕೈ ತೋರಿಸಿದ: ಗುಂಡಿ, ಜಲ್ಲಿ, ಹರಿದ ಟೈರಿನ ತುಂಡು, ಒಡೆದ ಬಾಟಲಿ. ಹಿಂದೆ ಡ್ರೈವರ್ ಅವರ ಚಕ್ರದ ಸದ್ದು ಅವನ ಕೈ ಹೇಳಿದ ಹಾಗೆಲ್ಲ ಸರಿಯುತ್ತಿತ್ತು. ಮೊಳದ ದೂರದ ಕೈ ಕಾಣುತ್ತಿತ್ತು, ಅದರ ಕೆಳಗಿನ ರಸ್ತೆ ಕಾಣುತ್ತಿತ್ತೋ ಇಲ್ಲವೋ. ಆ ವಿಧೇಯತೆ ಅವನನ್ನು ಕಾಡತೊಡಗಿತು. ತಾನು ತಪ್ಪು ತಿಳಿದಿರಬಹುದಲ್ಲ. ತಪ್ಪಿಲ್ಲದ ಕಡೆಯೂ ತಪ್ಪು ಕಾಣುವುದು ಅವನ ವೃತ್ತಿಯ ಕಾಯಿಲೆ. ಸರಿಯಾಗಿರುವ ಪದವನ್ನು ಹತ್ತು ಸಲ ನೋಡಿದರೆ ಅದೂ ಅನುಮಾನ ಹುಟ್ಟಿಸುತ್ತದೆ. ಒಬ್ಬ ಮನುಷ್ಯನ ಬಗ್ಗೆ ಇಷ್ಟು ದೊಡ್ಡದನ್ನು ಬರೀ ಒಂದು ಟೀ ಗ್ಲಾಸಿನ ಮೇಲೆ ನಂಬಬಹುದೇ. ಹೊಸದಾಗಿ ಡಾಂಬರು ಹಾಕಿದ, ಕನ್ನಡಿಯಂಥ ರಸ್ತೆ ಬಂತು. ತಾನು ಏನು ಮಾಡುತ್ತಿದ್ದೇನೆಂದು ಪೂರ್ತಿ ಯೋಚಿಸುವ ಮೊದಲೇ ಅವನ ಎಡಗೈ ಕೆಳಗಿಳಿದು, ಏನೂ ಇಲ್ಲದ ಕಡೆಗೆ ಬೆರಳು ಚಾಚಿತು.

ಹಿಂದಿನ ಚಕ್ರ ಬಲಕ್ಕೆ, ರಸ್ತೆಯ ನಡುವಿಗೆ ಹೊರಳಿತು. ಅದೇ ಕ್ಷಣಕ್ಕೆ ಲಾರಿಯ ಹಾರನ್ನು. ಉದ್ದಕ್ಕೆ, ಅವನ ಕಿವಿಯ ಪಕ್ಕದಲ್ಲೇ ಹರಿದುಹೋದ ಹಾಗೆ. ಲಾರಿಯ ಗಾಳಿ ಇಬ್ಬರನ್ನೂ ಅಂಚಿಗೆ ಒತ್ತಿ, ಧೂಳು ಎರಚಿ ಮುಂದೆ ಹೋಯಿತು. ಅವನು ಹಿಂತಿರುಗಿ ನೋಡಲಿಲ್ಲ. ನೋಡಬಾರದೆಂಬ ನಿಯಮದಿಂದಲ್ಲ, ನೋಡಲು ಧೈರ್ಯವಿಲ್ಲದೆ. ಸ್ವಲ್ಪ ಹೊತ್ತಿಗೆ ಸರಪಳಿಯ ಸದ್ದು ಮತ್ತೆ ಕೇಳಿಸಿತು. ಆಮೇಲೆ ದನಿ, ಯಾವತ್ತಿಗಿಂತ ಚಿಕ್ಕದಾಗಿ: “ದೊಡ್ಡದಿತ್ತಾ?”

“ಹೂಂ ಸಾರ್” ಎಂದ. “ದೊಡ್ಡದು.”

“ಒಳ್ಳೇದಾಯ್ತು ತೋರಿಸಿದ್ದು.”

ಹ್ಯಾಂಡಲನ್ನು ಬಿಗಿಯಾಗಿ ಹಿಡಿದುಕೊಂಡ. ಒಬ್ಬ ಮನುಷ್ಯನನ್ನು ಕಚ್ಚಾಪ್ರತಿಯ ಹಾಗೆ ಪರೀಕ್ಷಿಸಿ ನೋಡಿದ್ದ. ಲಾರಿ ಒಂದು ಗೇಣು ಈಚೆ ಬಂದಿದ್ದರೆ, ಆ ಗುಂಡಿ ಇರಲಿಲ್ಲವೆಂದು ಲೋಕದಲ್ಲಿ ಅವನೊಬ್ಬನಿಗೇ ಗೊತ್ತಿರುತ್ತಿತ್ತು. ಈಗಲೂ ಅವನೊಬ್ಬನಿಗೇ ಗೊತ್ತು. ಹೇಳಬೇಕು. ನೇರವಾಗಿ ಅವರಿಗೆ ಹೇಳಿದರೆ ನಕ್ಕುಬಿಡುತ್ತಾರೆ; ಅವರ ಮನೆಯಲ್ಲಿ ಮಗಳಿದ್ದಾಳೆ, ಅವಳಿಗೆ ಹೇಳಬೇಕು. ಹೇಳಿದರೆ ಸೈಕಲ್ಲು ಗೋಡೆಗೆ ಒರಗುತ್ತದೆ, ಭಾನುವಾರಗಳು ಮುಗಿಯುತ್ತವೆ. ಹೇಳದಿದ್ದರೆ ಇನ್ನೊಂದು ಲಾರಿ. ಡ್ರೈವರ್ ಒಬ್ಬರೇ ಹೊರಡುವವರಲ್ಲ. “ಒಬ್ನೇ ಹೋಗೋದಾದ್ರೆ ನಡ್ಕೊಂಡು ಹೋಗ್ತೀನಿ, ಸೈಕಲ್ ಯಾಕೆ” ಎನ್ನುತ್ತಿದ್ದರು. ಅಂದರೆ ಅವರನ್ನು ಈ ರಸ್ತೆಗೆ ತರುತ್ತಿರುವುದು ತಾನೇ. ಮುಂದಿನ ವಾರದಿಂದ ನಾನೇ ಮುಂದೆ ಹೋದರಾಯಿತಲ್ಲ ಎಂದು ಒಂದು ಮನಸ್ಸು ಮೆತ್ತಗೆ ಹೇಳಿತು. ಅದು ಎಷ್ಟು ಮೆತ್ತಗಿತ್ತೆಂದರೆ, ಅದು ಡ್ರೈವರ್ ಪರವಾಗಿ ಅಲ್ಲ, ಆ ಗೋಡೆ ಕಾಣುವ ಕಿಟಕಿಯ ವಿರುದ್ಧ ಮಾತಾಡುತ್ತಿದೆ ಎಂದು ಅವನಿಗೆ ತಿಳಿದುಹೋಯಿತು.

ಮೇಲ್ಸೇತುವೆಯ ಕೆಳಗೆ ಅವರ ದಾರಿ ಕವಲೊಡೆಯುತ್ತದೆ. ಅಲ್ಲಿ ನಿಲ್ಲುವ ಪದ್ಧತಿಯಿಲ್ಲ. ಕೈ ಎತ್ತಿ ಅವನು ಬಲಕ್ಕೆ, ಅವರು ನೇರ. ಇವತ್ತು ಅವನು ಕೈ ಎತ್ತದೆ ನೇರ ಹೋದ.

“ಏಯ್, ನಿನ್ನ ದಾರಿ ಬಲಕ್ಕೆ.”

“ನಿಮ್ಮನೆವರೆಗೂ ಬರ್ತೀನಿ ಸಾರ್. ನೀರು ಖಾಲಿಯಾಗಿದೆ.”

“ಅಲ್ಲೇ ಅಂಗಡೀಲಿ ತಗೋ. ಮನೆಗೆಲ್ಲ ಬೇಡ.”

ಅವನ ಬಾಟಲಿಯಲ್ಲಿ ಅರ್ಧ ನೀರು ಕುಲುಕುತ್ತಿತ್ತು. ಡ್ರೈವರಿಗೆ ಅದು ಕೇಳಿಸುತ್ತಿದ್ದಿರಬೇಕು. ಅವನು ತುಳಿಯುತ್ತಲೇ ಇದ್ದ. ಕೊನೆಗೆ, ಬೇರೆ ದಾರಿಯಿಲ್ಲದೆ, ಹಿಂದಿನಿಂದ ಅವರು ಹೇಳತೊಡಗಿದರು: ಎಡಕ್ಕೆ. ಈಗ ನೇರ. ಕಬ್ಬಿಣದ ಅಂಗಡಿ ಆದ್ಮೇಲೆ ಬಲಕ್ಕೆ. ಬೀದಿಯನ್ನು ಅವರು ಬಾಯಿಪಾಠದ ಹಾಗೆ ಒಪ್ಪಿಸುತ್ತಿದ್ದರು. “ನೇರ ಬಾ, ನೇರ ಬಾ. ಗೇಟು ಬಂತು. ಬಲಗಡೆಯಿಂದ ಬಾ. ಹಾಂ, ನಿಲ್ಲು.”

ಗೇಟಿನ ಹತ್ತಿರ ಬಟ್ಟೆ ಹಿಂಡಿ ಹರವುತ್ತಿದ್ದ ಮಗಳು ಇದನ್ನೆಲ್ಲ ಕೇಳಿಸಿಕೊಂಡಳು. ಒದ್ದೆ ಕೈಯನ್ನು ಒರೆಸಿಕೊಂಡು, ಅಪ್ಪನನ್ನು ದಾಟಿ, ನೇರವಾಗಿ ಅವನ ಹತ್ತಿರ ಬಂದಳು. “ಅಂಕಲ್, ನೀವೇನಾ. ಬನ್ನಿ. ಸೈಕಲ್ ನಂಗೆ ಕೊಡಿ” ಎಂದು ಸೈಕಲ್ಲು ತೆಗೆದುಕೊಂಡು ಗೋಡೆಗೆ ಒರಗಿಸಿ, ಅವನ ಮೊಣಕೈ ಹಿಡಿದಳು. “ಹುಷಾರು, ಇಲ್ಲಿ ಒಂದು ಮೆಟ್ಟಿಲಿದೆ. ಇನ್ನೊಂದು. ಸಾಕು.”

ಯಾರಾದರೂ ತನ್ನನ್ನು ಹೀಗೆ ಮುಟ್ಟಿ ಎಷ್ಟು ಕಾಲವಾಯಿತೆಂದು ಅವನಿಗೆ ನೆನಪಿರಲಿಲ್ಲ. ಏನಾಗುತ್ತಿದೆಯೆಂದು ತಿಳಿಯದೆ, ಹಿಡಿದ ಕೈಗೆ ಅವಿಧೇಯನಾಗಲಾರದೆ, ಕಾಲನ್ನು ಬೇಕಾದ್ದಕ್ಕಿಂತ ಎತ್ತರಕ್ಕೆ ಎತ್ತಿ ಇಟ್ಟ. ಪೆಡಲಿಗೆ ಸಿಕ್ಕಿಸಲು ಶೂ ಅಡಿಯಲ್ಲಿದ್ದ ಗಟ್ಟಿ ತುಂಡು ನೆಲಕ್ಕೆ ಟಕ್ ಟಕ್ ಎಂದು ಬಡಿದು, ಕೋಲು ಊರಿ ನಡೆಯುವವನ ಸದ್ದಾಯಿತು. ಅವಳು ಕುರ್ಚಿಯನ್ನು ಎಳೆದು ಅವನ ಕಾಲಿಗೆ ತಾಗಿಸಿ ಕೂರಿಸಿದಳು. ನೀರಿನ ಲೋಟವನ್ನು ಮೇಜಿನ ಮೇಲಿಡದೆ, ಅವನ ಬೆರಳುಗಳನ್ನು ಬಿಡಿಸಿ ಅದರ ಸುತ್ತ ಹೊಂದಿಸಿದಳು. ಡ್ರೈವರ್ ಗೋಡೆ ಸವರಿಕೊಂಡು ಬಂದು ಎದುರಿನ ಕುರ್ಚಿಯಲ್ಲಿ ಕೂತರು. ಹೆಲ್ಮೆಟ್ಟು ತೆಗೆಯಲಿಲ್ಲ.

“ಸಣ್ಣ ಅಕ್ಷರ ಓದೀ ಓದೀ ಹೀಗಾಯ್ತಂತೆ ಅಲ್ವಾ ಅಂಕಲ್” ಎಂದಳು ಅವಳು. “ಅಪ್ಪ ಹೇಳಿದ್ರು.”

ಅವನು ಡ್ರೈವರ್ ಮುಖ ನೋಡಿದ. ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು, ಅವನು ಆ ಮುಖವನ್ನು ನೋಡಿಯೇ ಇರಲಿಲ್ಲ. ಅದು ಅವನ ಕಡೆಗೆ ತಿರುಗಿತ್ತು, ಆದರೆ ಅವನಿಗಿಂತ ಸ್ವಲ್ಪ ಪಕ್ಕಕ್ಕೆ, ಅಲ್ಲಿ ಇನ್ನೊಬ್ಬ ಕೂತಿದ್ದಾನೆ ಎಂಬಂತೆ.

“ಇಲ್ಲಮ್ಮ” ಎಂದ. “ನನ್ನ ಕಣ್ಣು ಚೆನ್ನಾಗಿದೆ.”

ಅವಳು ಮೆಲ್ಲಗೆ ನಕ್ಕಳು. ಮಕ್ಕಳು ಜ್ವರ ಇಲ್ಲ ಎಂದಾಗ ದೊಡ್ಡವರು ನಗುವ ಹಾಗೆ. “ನೀವು ಒಪ್ಪಲ್ಲ ಅಂತಾನೂ ಹೇಳಿದ್ರು. ಅಂಕಲ್, ಬೇಜಾರು ಮಾಡ್ಕೋಬೇಡಿ, ನಾನು ಅಪ್ಪನಿಗೆ ಎಷ್ಟೋ ಸಲ ಹೇಳಿದ್ದೀನಿ. ಆ ರಸ್ತೇಲಿ, ಅಷ್ಟು ಲಾರಿ ಮಧ್ಯ, ಕಣ್ಣು ಕಾಣ್ದೇ ಇರೋರನ್ನ ಹಿಂದೆ ಕಟ್ಕೊಂಡು ಹೋಗೋದು ಬೇಡ ಅಂತ. ಅಪ್ಪನಿಗೇ ಏನಾದ್ರೂ ಆದ್ರೆ? ಕೇಳಲ್ಲ. ನಾನು ಹೋಗ್ದಿದ್ರೆ ಅವನಿಗೆ ಯಾರೂ ಇಲ್ಲ, ಭಾನುವಾರ ಪೂರ್ತಿ ಗೋಡೆ ನೋಡ್ಕೊಂಡು ಕೂತಿರ್ತಾನೆ ಅಂತಾರೆ.”

ಗೋಡೆಯ ವಿಷಯ ಅವನು ಯಾವತ್ತೂ ಡ್ರೈವರಿಗೆ ಹೇಳಿರಲಿಲ್ಲ. ಇಡೀ ಸುಳ್ಳಿನಲ್ಲಿ ತಿದ್ದಲಾಗದ ಒಂದೇ ವಾಕ್ಯ ಅದು. ಡ್ರೈವರ್ ಅವರ ಎರಡೂ ಅಂಗೈ ಮಂಡಿಯ ಮೇಲೆ ಚಪ್ಪಟೆಯಾಗಿ ಕೂತಿದ್ದವು. ದೊಡ್ಡ ಕೈಗಳು, ಗಾಳಿಯಲ್ಲಿ ಅವನಿಗೆ ಎಷ್ಟೋ ಗುಂಡಿ ತೋರಿಸಿದ ಕೈಗಳು. ಅವು ಕಾಯುತ್ತಿದ್ದವು. ಈಗ ಒಂದು ಮಾತು ಸಾಕು. ಅವರ ಮುಂದೆ ಒಂದು ಲೋಟ ಇಡಮ್ಮ, ಕೈ ಹೇಗೆ ಹೋಗುತ್ತದೆ ನೋಡು ಎಂದರೆ ಮುಗಿಯಿತು. ಇನ್ನೊಂದು ಸಲ ಪರೀಕ್ಷೆ. ಅವನ ಕಿವಿಯಲ್ಲಿ ಲಾರಿಯ ಹಾರನ್ನು ಇನ್ನೂ ಆರಿರಲಿಲ್ಲ.

“ಅವರು ಹೇಳಿದ್ದು ನಿಜಾನೇ ಅಮ್ಮ” ಎಂದ. “ಸರಿಯಾಗಿ ಕಾಣಲ್ಲ. ಈಚೆಗೆ ತುಂಬಾ ಜಾಸ್ತಿ ಆಗಿದೆ. ಇವತ್ತು ಒಂದು ಲಾರಿ ಸ್ವಲ್ಪದ್ರಲ್ಲಿ ತಪ್ಪಿತು. ಅದನ್ನೇ ಹೇಳಿ ಹೋಗೋಣ ಅಂತ ಬಂದೆ. ಇನ್ಮೇಲೆ ನಾನು ಸೈಕಲ್ ತುಳಿಯಲ್ಲ. ಆ ಇನ್ನೂರರ ಸವಾರಿಗೂ ಬರಲ್ಲ.”

“ಒಳ್ಳೆ ಯೋಚನೆ ಅಂಕಲ್” ಎಂದಳು ಅವಳು, ದನಿಯಲ್ಲಿ ನೆಮ್ಮದಿ ಮುಚ್ಚಿಡಲಾಗದೆ. “ಅಪ್ಪ, ನೀವೂ ಒಬ್ರೇ ಹೋಗಲ್ಲ ತಾನೇ?”

ಡ್ರೈವರ್ ಎರಡೂ ಮಂಡಿಯನ್ನು ಒಮ್ಮೆ ಸವರಿಕೊಂಡರು. “ಡಬ್ಬಿ ಇಲ್ದೆ ಎಂಜಿನ್ ಎಲ್ಲಿಗೆ ಹೋಗುತ್ತೆ” ಎಂದರು.

“ಡಾಕ್ಟರ ಹತ್ರ ಹೋಗ್ಬೇಕು ಸಾರ್” ಎಂದ ಅವನು, ಲೋಟ ನೋಡುತ್ತ. “ಒಬ್ನೇ ಹೋಗೋಕೆ ಭಯ. ನೀವು ಜೊತೇಲಿ ಬರ್ತೀರಾ?” ಅದನ್ನು ಎಷ್ಟು ಸಹಜವಾಗಿ ಕೇಳಬೇಕೆಂದಿದ್ದನೋ ಅಷ್ಟು ಸಹಜವಾಗಿ ಬರಲಿಲ್ಲ, ಬೇಡುವವನ ಹಾಗಾಯಿತು.

“ಅಲ್ಲಿ ನಂಗೇನು ಕೆಲಸ” ಎಂದರು ಡ್ರೈವರ್. ಹೆಲ್ಮೆಟ್ಟಿನ ಪಟ್ಟಿಯನ್ನು ಬಿಚ್ಚಿ, ಮತ್ತೆ ಹಾಕಿಕೊಂಡರು.

ಹೊರಡುವಾಗ ಮಗಳು ಸೈಕಲ್ಲು ಹತ್ತಲು ಬಿಡಲಿಲ್ಲ. ತಳ್ಳಿಕೊಂಡೇ ಹೋಗುತ್ತೇನೆ, ಮುಖ್ಯರಸ್ತೆಯಲ್ಲಿ ಆಟೋ ಹಿಡಿಯುತ್ತೇನೆ ಎಂದು ಅವನು ಮಾತು ಕೊಡಬೇಕಾಯಿತು. ಅವಳೇ ಮೆಟ್ಟಿಲು ಇಳಿಸಿ, ಹ್ಯಾಂಡಲನ್ನು ಕೈಗೆ ಕೊಟ್ಟು, ಗೇಟು ತೆರೆದಳು. ಡ್ರೈವರ್ ಬಾಗಿಲವರೆಗೆ ಬಂದು ಚೌಕಟ್ಟು ಹಿಡಿದು ನಿಂತರು. ಏನಾದರೂ ಹೇಳುತ್ತಾರೆಂದು ಅವನು ಒಂದು ಕ್ಷಣ ನಿಂತ. ಬೈದರೂ ಸಾಕಿತ್ತು. ಗೇಟು ದಾಟಿದ. ಆಗ ಹಿಂದಿನಿಂದ ಆ ದನಿ ಬಂತು, ರಸ್ತೆಯಲ್ಲಿ ಯಾವತ್ತೂ ಬಾಯಲ್ಲಿ ಹೇಳದೆ ಕೈಯಲ್ಲೇ ಹೇಳುತ್ತಿದ್ದ ಮಾತು:

“ಪ್ರೂಫು, ಎಡಕ್ಕೆ ಗುಂಡಿ ಇದೆ. ದೊಡ್ಡದು. ಬಲಕ್ಕೆ ಹೋಗು.”

ಅವನು ಎಡಕ್ಕೆ ನೋಡಿದ. ಅಲ್ಲಿ ಹಳೆಯ ಗುಂಡಿಯೊಂದಕ್ಕೆ ತೇಪೆ ಹಾಕಿದ್ದರು. ಡಾಂಬರಿನ ಕಪ್ಪು ಆಗಲೇ ಮಾಸಿ, ಅಂಚಿನಲ್ಲಿ ಹುಲ್ಲು ಮೂಡಿತ್ತು.

“ಅಪ್ಪ, ಅದನ್ನ ಯಾವಾಗ್ಲೋ ಮುಚ್ಚಿದ್ದಾರಲ್ಲ” ಎಂದಳು ಮಗಳು. “ದಿನಾ ಓಡಾಡೋ ಜಾಗ, ನಿಮ್ಗೆ ಕಾಣ...” ಎಂದು ಇನ್ನೂ ಒಂದು ಮಾತು ಶುರು ಮಾಡಿದವಳು ಅದನ್ನು ಪೂರ್ತಿ ಮಾಡಲಿಲ್ಲ. ಗೇಟಿನ ಅಗುಳಿ ಅವಳ ಕೈಯಲ್ಲಿ ಅರ್ಧಕ್ಕೇ ನಿಂತ ಸದ್ದು ಅವನಿಗೆ ಕೇಳಿಸಿತು.

ಅವನು ಬಲಕ್ಕೆ ಸರಿದ. ಸೈಕಲ್ಲನ್ನು ತಳ್ಳುತ್ತ, ಇಲ್ಲದ ಗುಂಡಿಯನ್ನು ಪೂರ್ತಿಯಾಗಿ ಬಳಸಿಕೊಂಡು ನಡೆದ. ಹಿಂತಿರುಗಿ ನೋಡಲಿಲ್ಲ; ಮುಂದಿನವನು ನೋಡಬಾರದು. ಕಬ್ಬಿಣದ ಅಂಗಡಿಯ ಮೂಲೆಯವರೆಗೂ ಅವನ ಶೂಗಳ ಟಕ್ ಟಕ್ ಬಿಟ್ಟರೆ ಬೀದಿಯಲ್ಲಿ ಬೇರೆ ಸದ್ದಿರಲಿಲ್ಲ.